ರೇಡಿಯೋದವರ ಎಡಗೈ

ರೇಡಿಯೋದವರು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ನಡೆಯುತ್ತಾರೆ, ನಿಲ್ಲುತ್ತಾರೆ, ಊಟವನ್ನೂ ಮಾಡುತ್ತಾರೆ. ಮೊದಲ ಸಲ ನೋಡಿದವರು ಕೈಗೆ ಏನೋ ಆಗಿದೆ ಎಂದು ಮರುಗುತ್ತಾರೆ. ನಾನು ಮರುಗಲಿಲ್ಲ, ಗಿರಾಕಿಗೆ ಕಾಣದ ಹಾಗೆ ಏನೋ ಬಚ್ಚಿಟ್ಟುಕೊಂಡಿದ್ದಾರೆ ಅಂದುಕೊಂಡೆ. ತಾನು ಕಳ್ಳ, ಪರರ ನಂಬ.

ಕೇಳಿದ್ದಕ್ಕೆ ಅವರೇ ಹೇಳಿದರು. "ಕರೆಂಟು ಒಂದು ಕೈಯಲ್ಲಿ ಹೊಕ್ಕು ಇನ್ನೊಂದು ಕೈಯಲ್ಲಿ ಹೊರಗೆ ಹೋಗ್ಬೇಕು ಅಂದ್ರೆ ಮಧ್ಯೆ ಎದೆ ಸಿಗುತ್ತೆ. ಒಂದೇ ಕೈ ಹಾಕಿದ್ರೆ ಎದೆಗೆ ರಜಾ."

ಮೀಟರ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ, ಸ್ವಂತ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ. ಅಷ್ಟು ದಿನ ಬೆನ್ನ ಹಿಂದೆ ಇದ್ದ ಕೈಗೆ ಮುಂದೆ ಬರುವುದೇ ಮರೆತುಹೋಗಿದೆ.

ನಾನು ಅವರ ಅಂಗಡಿಯ ಮೆಟ್ಟಿಲು ಹತ್ತಿದ ಕಾರಣ ಹೇಳಿದರೆ ನಿಮಗೆ ನಗು ಬರುತ್ತದೆ, ಬರಲಿ. ನಾನು ಪಾರ್ಸೆಲ್ ಗೋದಾಮಿನಲ್ಲಿ ಚೀಟಿ ಅಂಟಿಸುವವನು. ಬೆಳಗಿನ ಐದರಿಂದ ಮಧ್ಯಾಹ್ನ ಒಂದೂವರೆಯ ತನಕ ಪೆಟ್ಟಿಗೆಗಳು ರಬ್ಬರ್ ಪಟ್ಟಿಯ ಮೇಲೆ ಹರಿದು ಬರುತ್ತವೆ. ಅವುಗಳ ಮೇಲೆ 'ಒಡೆಯುವ ವಸ್ತು, ಜೋಪಾನ' ಎಂಬ ಕೆಂಪು ಚೀಟಿ ಅಂಟಿಸುತ್ತೇನೆ. ನನ್ನ ಪಕ್ಕದವನು ಅದನ್ನು ಓದಿ, ಎತ್ತಿ, ಎಸೆಯುತ್ತಾನೆ. ಮೂರು ವರ್ಷ ಹೀಗೆ ಅಂಟಿಸಿದ ಮೇಲೆ ಬದುಕಿನಲ್ಲಿ ಇನ್ನೇನಾದರೂ ಬೇಕು ಅನ್ನಿಸಿತು. ನನಗೆ ಸಂಗೀತ ಬೇಕು ಅನ್ನಿಸಿತು. ಸಂಗೀತಕ್ಕೆ ನಾನು ಬೇಕೋ ಬೇಡವೋ ಎಂದು ವಿಚಾರಿಸಲಿಲ್ಲ.

ಮನೆ ಖಾಲಿ ಮಾಡುತ್ತಿದ್ದ ಒಬ್ಬಾತನಿಂದ ಹಳೆಯ ಸಿಂಥಸೈಜರ್ ಒಂದನ್ನು, ಕರೆಂಟಿನಲ್ಲಿ ನುಡಿಯುವ ಕೀಬೋರ್ಡನ್ನು, ತಂದೆ. ಅರವತ್ತೊಂದು ಕೀ, ಮೂರು ತಿರುಗುಗುಂಡಿ ನಾಪತ್ತೆ, ಒಂದು ಮೂಲೆಯಲ್ಲಿ ಯಾರದೋ ಮಗು ಅಂಟಿಸಿದ ಬೆಳ್ಳಿ ನಕ್ಷತ್ರ. ನಾನಿರುವುದು ಅಕ್ಕನ ಮನೆಯಲ್ಲಿ. ಅಕ್ಕ ಬಟ್ಟೆ ಹೊಲಿಯುತ್ತಾಳೆ; ಇರುವ ಎರಡು ಕೋಣೆಯಲ್ಲಿ ಒಂದೂವರೆ ಕೋಣೆ ಅವಳ ಬಟ್ಟೆಗೆ. ಬೇರೆ ಜಾಗವಿಲ್ಲದೆ ವಾದ್ಯವನ್ನು ಅವಳ ಇಸ್ತ್ರಿ ಹಲಗೆಯ ಮೇಲೆ ಇಟ್ಟೆ. ಅವಳು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, "ಇದು ಎಷ್ಟೊತ್ತಿಗೆ ಬಿಸಿಯಾಗುತ್ತೋ?" ಎಂದಳು.

ವಾದ್ಯದ ಜೊತೆ ಬಂದ ಅಡಾಪ್ಟರ್ ಇಟ್ಟಿಗೆಯಂತಿತ್ತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ತನ್ನ ಭಾರಕ್ಕೆ ತಾನೇ ಜಾರಿ ದೊಪ್ಪನೆ ಬೀಳುತ್ತಿತ್ತು. ಎರಡನೆಯ ದಿನವೇ ಫುಟ್‌ಪಾತಿನಿಂದ ಬೇರೊಂದು ತಂದೆ. ವೋಲ್ಟ್ ಅದೇ, ಪಿನ್ನು ಅದೇ, ತೂಕ ಬೆಂಕಿಪೊಟ್ಟಣದಷ್ಟು. ಇಟ್ಟಿಗೆಯನ್ನು ಎಲ್ಲೋ ಇಟ್ಟೆ, ಮರೆತೆ.

ವಾದ್ಯ ಮಾತ್ರ ನುಡಿಯಲು ಒಪ್ಪಲಿಲ್ಲ. ಸುಮ್ಮನಿದ್ದಾಗಲೂ ಹಿಂದಿನಿಂದ ಗುಂಯ್ ಎನ್ನುತ್ತಿತ್ತು. ಸ್ವಲ್ಪ ಜೋರಾಗಿ ಒತ್ತಿದರೆ ಪೂರ್ತಿ ಆರಿಹೋಗುತ್ತಿತ್ತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಅಕ್ಕ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ನಿನ್ನ ಪುಣ್ಯ, ನಿನ್ನ ನೆಲ ನಿಜವಾಗ್ಲೂ ಡೊಂಕಾಗೇ ಇದೆ."

ಹಾಗೆ ನಾನು ರೇಡಿಯೋದವರ ಬಳಿ ಹೋದೆ. ಟೈರಿನಂಗಡಿಗೂ ಕನ್ನಡಕದಂಗಡಿಗೂ ನಡುವೆ ಮೂರು ಹೆಜ್ಜೆ ಅಗಲದ ಅಂಗಡಿ. ಬೋರ್ಡಿನ ಮೇಲೆ ಒಂದು ಕಾಲದಲ್ಲಿ ಬಹಳಷ್ಟು ಬರೆದಿತ್ತಂತೆ. ಬಿಸಿಲು ತಿಂದು ಉಳಿಸಿದ್ದು 'ರೇಡಿಯೋ' ಎಂಬ ಒಂದೇ ಪದ. ಅದೇ ಅವರ ಹೆಸರಾಯಿತು. ಒಳಗೆ ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಹೊಟ್ಟೆ ಬಿಚ್ಚಿಕೊಂಡ ಯಂತ್ರಗಳು. ಮೇಜಿನ ಮೇಲೆ ಒದ್ದೆ ಸ್ಪಂಜು, ಬೆಸುಗೆ ಹಾಕುವ, ಹೊಗೆಯಾಡುವ ಸೋಲ್ಡರ್ ಕಡ್ಡಿ, ಮೂರು ಕನ್ನಡಕ: ಒಂದು ದೂರಕ್ಕೆ, ಒಂದು ಹತ್ತಿರಕ್ಕೆ, ಮತ್ತೊಂದು ಉಳಿದೆರಡನ್ನು ಹುಡುಕುವುದಕ್ಕೆ. ಇದು ಅವರದೇ ಮಾತು.

ಅಲ್ಲಿ ಒಂದು ಪದ್ಧತಿಯಿತ್ತು. ಬಂದ ಪ್ರತಿ ಯಂತ್ರಕ್ಕೂ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟುವರು. ಅದರ ಮೇಲೆ ಗಿರಾಕಿಯ ದೂರನ್ನು, ಗಿರಾಕಿ ಆಡಿದ ಮಾತಿನಲ್ಲೇ ಬರೆಯುವರು. 'ಮುದುಕನ ಹಾಗೆ ಕೆಮ್ಮುತ್ತೆ' ಎಂದು ಒಂದರ ಮೇಲಿತ್ತು. 'ನಮ್ಮತ್ತೆ ಬಂದಾಗ ಮಾತ್ರ ಹಾಡಲ್ಲ' ಎಂದು ಇನ್ನೊಂದರ ಮೇಲೆ. ರಿಪೇರಿ ಮುಗಿದ ಮೇಲೆ ಪೆನ್ಸಿಲನ್ನು ಗಿರಾಕಿಯ ಕೈಗೇ ಕೊಡುವರು.

"ದೂರು ನಿಮ್ಮದು. ಹೋಯ್ತು ಅನ್ನಿಸಿದ್ರೆ ನೀವೇ ಗೆರೆ ಹೊಡೀರಿ. ನಾನು ಹೊಡ್ಕೊಂಡ್ರೆ ಅದು ನನ್ನ ಬೆನ್ನು ನಾನೇ ತಟ್ಕೊಂಡ ಹಾಗೆ."

ನನ್ನ ಚೀಟಿಯ ಮೇಲೆ ಎರಡು ಸಾಲು ಬಂತು: 'ಗುಂಯ್ ಅನ್ನುತ್ತೆ. ಸಿಟ್ಟು ಬಂದ್ರೆ ಆರಿಹೋಗುತ್ತೆ.'

ಆಮೇಲೆ ಅವರು ಬೆಂಕಿಪೊಟ್ಟಣವನ್ನು ಅಂಗೈಯಲ್ಲಿ ತೂಗಿ ನೋಡಿ, "ಅಡಾಪ್ಟರ್ ಇದರದ್ದೇನಾ?" ಎಂದು ಕೇಳಿದರು.

"ಹೌದು ಸಾರ್, ಜೊತೇಲೇ ಬಂದಿದ್ದು," ಎಂದೆ.

ಆ ಮೇಜಿನ ಮುಂದೆ 'ಫುಟ್‌ಪಾತಿನದು' ಎನ್ನಲು ನಾಲಗೆ ಬರಲಿಲ್ಲ, ಅಷ್ಟೇ. ಅವರು ಮೀಟರ್ ಹಿಡಿದರು. ಮೀಟರು ತೋರಿಸಬೇಕಾದ ಅಂಕಿಯನ್ನೇ ತೋರಿಸಿ ನನ್ನ ಸುಳ್ಳಿಗೆ ಸಾಕ್ಷಿ ಹೇಳಿತು.

ಕೆಲಸವನ್ನು ನಾನು ಪಕ್ಕದಲ್ಲಿ ನಿಂತೇ ನೋಡಿದೆ. ಎಡಗೈ ಬೆನ್ನ ಹಿಂದೆ; ಬಲಗೈಯಲ್ಲಿ ಒಂದು ಬಿದಿರು ಕಡ್ಡಿ. ಒಳಗಿನ ಹಸಿರು ಹಲಗೆಯನ್ನು ಅಲ್ಲಲ್ಲಿ ಮೆಲ್ಲಗೆ ತಟ್ಟುತ್ತಾ ಬಂದರು. ಅಡಾಪ್ಟರಿನ ಪಿನ್ನು ಸಿಕ್ಕಿಸುವ ತೂತಿನ ಬಳಿ ತಟ್ಟಿದಾಗ ವಾದ್ಯದ ದೀಪ ಪಕ್ ಎಂದು ಆರಿತು. ಬೆಸುಗೆ ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದಕ್ಕೆ ಹೊಸ ಬೆಸುಗೆ ಬಿತ್ತು. ಗುಂಯ್ ಹುಡುಕಲು ಅವರು ಕಿವಿ ಕೊಡಲಿಲ್ಲ, ಸ್ಪೀಕರಿನ ಕಾಗದದ ಮೇಲೆ ತೋರುಬೆರಳನ್ನು ಹೂವಿನಂತೆ ಇಟ್ಟರು. "ಗುಂಯ್ ನನಗೆ ಬೆರಳಲ್ಲಿ ಕೇಳ್ಸುತ್ತೆ." ತಲೆ ಉಬ್ಬಿದ ಒಂದು ಪುಟ್ಟ ಕೆಪ್ಯಾಸಿಟರ್ ಕಿತ್ತು ತೋರಿಸಿದರು. "ಒಳಗೆ ಒಣಗಿದೆ. ವಯಸ್ಸು. ನೀನು ನಗಬೇಡ, ನಿನಗೂ ಬರುತ್ತೆ."

ಹೊಸದು ಹಾಕಿದ ಮೇಲೆ ಗುಂಯ್ ಹೋಯಿತು. ನಾನು ಎರಡೂ ಸಾಲಿಗೆ ಗೆರೆ ಹೊಡೆದು, ವಾದ್ಯ ಹೊತ್ತುಕೊಂಡು ರಾಜನ ಹಾಗೆ ಮನೆಗೆ ಬಂದೆ. ಅಕ್ಕನ ಹೊಲಿಗೆ ಯಂತ್ರ ನಿಂತಿದ್ದ ಹೊತ್ತು ನೋಡಿ ಸ್ವಿಚ್ ಹಾಕಿದೆ. ಮೌನ. ಆ ಮೌನದೊಳಗೆ, ಎಲ್ಲೋ ತುಂಬ ಮೇಲೆ, ಸೂಜಿಯಂತೆ: ಕೀಂ.

ಗುಂಯ್ ಇದ್ದಷ್ಟು ದಿನ ಅದು ಕೇಳಿಸಿರಲಿಲ್ಲ.

ಮಾರನೆಯ ದಿನ ಅಂಗಡಿಯಲ್ಲಿ ಸ್ವಿಚ್ ಹಾಕಿ, "ಇದೇ ಸಾರ್, ಈಗ ಬರ್ತಿದೆಯಲ್ಲ," ಎಂದೆ. ರೇಡಿಯೋದವರು ಸ್ಪೀಕರಿನ ಮೇಲೆ ಬೆರಳಿಟ್ಟರು. ಆಮೇಲೆ ಬಗ್ಗಿ ಕಿವಿಯಿಟ್ಟರು. ಟೈರಿನಂಗಡಿಯವನು ಸುತ್ತಿಗೆ ನಿಲ್ಲಿಸುವ ತನಕ ಕಾದು ಮತ್ತೊಮ್ಮೆ ಕಿವಿಯಿಟ್ಟರು.

"ಹೂಂ," ಎಂದರು. ಚೀಟಿಯ ಮೇಲೆ 'ಕೀಂ' ಎಂದು ಬರೆದರು. "ಇದು ಮುಂಚೆ ಇರ್ಲಿಲ್ಲ ಅಲ್ವಾ?"

"ಇರ್ಲಿಲ್ಲ ಸಾರ್."

"ಹಾಗಾದ್ರೆ ನನ್ನ ಕೈಯಿಂದ್ಲೇ ಬಂದಿದ್ದು."

ಅವರು ಅದನ್ನು ಎಷ್ಟು ಸಲೀಸಾಗಿ ಹೇಳಿದರೆಂದರೆ, ಎಷ್ಟು ದೊಡ್ಡ ಮಾತೆಂದು ನನಗೆ ಆಗ ತಿಳಿಯಲಿಲ್ಲ.

ಮೂರು ವಾರ ಇದೇ ಆಯಿತು. ಪಾಳಿ ಮುಗಿಸಿ, ಅಂಟು ಹತ್ತಿದ ಬೆರಳುಗಳೊಂದಿಗೆ, ನಿಂತು ನಿಂತು ಊದಿದ ಕಾಲೆಳೆದುಕೊಂಡು ನಾನು ಹೋಗುವೆ. ಅವರು ಇನ್ನೊಂದು ಬಿಡಿಭಾಗ ಬದಲಾಯಿಸಿ, ಸ್ವಿಚ್ ಹಾಕಿ, ಯಂತ್ರವನ್ನು ಬಿಟ್ಟು ನನ್ನ ಮುಖವನ್ನೇ ನೋಡುವರು. ಹೋಗಿಲ್ಲವೆಂದು ನಾನು ತಲೆಯಾಡಿಸುವೆ. ಅವರು ಮತ್ತೆ ಸ್ಕ್ರೂ ಬಿಚ್ಚುವರು. ಬೇರೆ ಗಿರಾಕಿಗಳ ಯಂತ್ರಗಳು ಹಾಗೇ ಹಲಗೆಯ ಮೇಲೆ ಧೂಳು ತಿನ್ನತೊಡಗಿದವು.

"ಹೋಗ್ಲಿ ಬಿಡಿ ಸಾರ್," ಎಂದೆ ಒಂದು ದಿನ. "ನಾನು ನುಡಿಸೋದಕ್ಕಿಂತ ಆ ಕೀಂ ಕೇಳೋಕೆ ಚೆನ್ನಾಗಿದೆ."

ಅವರು ನಗಲಿಲ್ಲ. "ನಲವತ್ತೊಂದು ವರ್ಷದಲ್ಲಿ ನನ್ನ ಕೈಗೆ ಬಂದ ಯಂತ್ರ ಬಂದಿದ್ದಕ್ಕಿಂತ ಕೆಟ್ಟು ಹೋಗಿಲ್ಲ. ತಿಂಗಳ ಕೊನೆ ತನಕ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಕೈ ಹೋಯ್ತು ಅಂತ ಲೆಕ್ಕ. ಬಾಗಿಲು ಹಾಕ್ತೀನಿ."

ಆ ಬುಧವಾರ ಅವರ ಹೆಂಡತಿ ಊಟದ ಡಬ್ಬಿ ತಂದಿದ್ದರು. ದಿನವೂ ತರುತ್ತಿದ್ದರು, ಗಂಡ ತಿನ್ನುವ ತನಕ ಸ್ಟೂಲಿನ ಮೇಲೆ ಕೂತು, ಡಬ್ಬಿ ತೊಳೆದುಕೊಂಡೇ ಹೋಗುವ ಹೆಂಗಸು. ರೇಡಿಯೋದವರು ಕೈ ತೊಳೆಯಲು ಹೊರಗೆ ಹೋದ ಗಳಿಗೆ ನೋಡಿ ಆಕೆ ನನ್ನ ತೋಳು ಹಿಡಿದರು.

"ಏನಪ್ಪಾ, ಆ ನಿನ್ನ ಹಾರ್ಮೋನಿಯಂ ಸರಿ ಹೋಯ್ತಾ?"

"ಇಲ್ಲಮ್ಮ."

"ಒಳ್ಳೇದಾಯ್ತು. ಇಲ್ಲ ಅಂತ್ಲೇ ಹೇಳ್ತಿರು."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಹೋದ ತಿಂಗಳು ಯಾವುದೋ ಡಬ್ಬ ಬಿಚ್ಕೊಂಡು ಎಡಗೈನೂ ಹಾಕಿದ್ರಂತೆ. ಯೋಚನೇಲಿದ್ದೆ ಅಂತಾರೆ. ಸ್ಟೂಲ್ ಸಮೇತ ಬಿದ್ದಿದ್ರು. ಕನ್ನಡಕದಂಗಡಿಯವರು ಮೇನ್ ಸ್ವಿಚ್ ಆರಿಸದೆ ಇದ್ದಿದ್ರೆ ಇವತ್ತು ನಾನು ಈ ಡಬ್ಬಿ ಯಾರಿಗೆ ತರ್ತಿದ್ದೆ? ಬೆಳಿಗ್ಗೆ ಅಲಾರಂ ಹೊಡ್ಕೊಂಡ್ರೂ ಕೇಳಲ್ಲ, ನಾನೇ ಅಲ್ಲಾಡಿಸಿ ಎಬ್ಬಿಸ್ಬೇಕು. ಮುಚ್ಚಿ ಅಂದ್ರೆ ಮುಚ್ಚೋ ಜಾತಿ ಅಲ್ಲ. ನಿನ್ನಿಂದ ಮುಚ್ಚಿದ್ರೆ ನಿನಗೆ ಪುಣ್ಯ ಬರುತ್ತೆ."

"ಆಯ್ತಮ್ಮ," ಎಂದೆ. ಸುಲಭದ ಕೆಲಸ, ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ನನ್ನ ಜೀವಮಾನದಲ್ಲಿ ಸತ್ಯಕ್ಕೆ ಪುಣ್ಯ ಸಿಗುವ ಮೊದಲ ಸಂದರ್ಭ.

ಅದೇ ಸಂಜೆ ಅಕ್ಕ ನೆಲ ಒರೆಸುತ್ತಿದ್ದಳು. ಕೋಣೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಅಡ್ಡ ಕೊಟ್ಟಿದ್ದ ಕಪ್ಪು ವಸ್ತುವನ್ನು ಕಾಲಿನಿಂದ ಸರಿಸುತ್ತಾ, "ಏ, ಈ ಕಲ್ಲಿಗೆ ಬಾಲ ಯಾಕೋ ಇದೆ?" ಎಂದಳು.

ನಾನು ಹಾಸಿಗೆಯ ಮೇಲೆ ಕಾಲು ಗೋಡೆಗೆ ಎತ್ತಿಕೊಂಡು ಬಿದ್ದಿದ್ದವನು ತಿರುಗಿ ನೋಡಿದೆ. ಎರಡು ತಿಂಗಳಿಂದ ನಾನೇ ದಿನವೂ ದಾಟಿ ಓಡಾಡಿದ್ದ ವಸ್ತು. ಇಟ್ಟಿಗೆ.

ಸಿಕ್ಕಿಸಿದೆ. ಬೀಳದಂತೆ ಕೆಳಗೊಂದು ಸ್ಟೂಲು ಕೊಟ್ಟೆ. ವಾದ್ಯ ಅಂಗಡಿಯಲ್ಲಿತ್ತು, ಹಾಗಾಗಿ ಏನೂ ಕೇಳಿಸುವಂತಿರಲಿಲ್ಲ. ಆದರೆ ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಕೀಂ ಎನ್ನುತ್ತಿದ್ದದ್ದು ವಾದ್ಯವಲ್ಲ, ನನ್ನ ಬೆಂಕಿಪೊಟ್ಟಣ. ಆ ಮನುಷ್ಯ ಮೂರು ವಾರದಿಂದ ಹುಡುಕುತ್ತಿದ್ದ ತಪ್ಪು ಅವರ ಕೈಯದಾಗಿರಲಿಲ್ಲ. ನನ್ನ ಬಾಯಿಯದಾಗಿತ್ತು.

ಆಗ ನಾನು ಮಾಡಿದ್ದೇನು? ಇಟ್ಟಿಗೆಯನ್ನು ತೆಗೆದು ಮತ್ತೆ ಬಾಗಿಲಿಗೆ ಅಡ್ಡ ಇಟ್ಟೆ. ಸುಮ್ಮನಿರುವುದು ನನಗೆ ಇಷ್ಟು ಅನುಕೂಲವಾಗಿ ಹಿಂದೆಂದೂ ಒದಗಿಬಂದಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಸುಳ್ಳು ಹೊರಬೀಳುವುದಿಲ್ಲ, ಡಬ್ಬಿ ತರುವ ಅಮ್ಮನ ಆಸೆ ಈಡೇರುತ್ತದೆ, ರೇಡಿಯೋದವರ ಎದೆಗೆ ಶಾಶ್ವತ ರಜಾ. ಎರಡು ದಿನ ಈ ಲೆಕ್ಕವನ್ನು ಚೀಟಿಗಳ ಜೊತೆ ಅಂಟಿಸುತ್ತಾ ನಿಂತೆ. ಎರಡನೆಯ ದಿನ ಒಂದು ಮೂಟೆ ದಿಂಬಿನ ಮೇಲೂ 'ಒಡೆಯುವ ವಸ್ತು' ಎಂದು ಅಂಟಿಸಿಬಿಟ್ಟೆ. ಪಕ್ಕದವನು ಅದೊಂದನ್ನು ಮಾತ್ರ ಮೆಲ್ಲಗೆ ಇಳಿಸಿದ.

ಶುಕ್ರವಾರ ಅಂಗಡಿಗೆ ಹೋದಾಗ ರೇಡಿಯೋದವರು ಮೇಜಿಗೆ ಸಿಕ್ಕಿಸಿದ ಭೂತಗನ್ನಡಿಯ ಕೆಳಗೆ ತಾವು ಹಾಕಿದ್ದ ಬೆಸುಗೆಗಳನ್ನೇ ಒಂದೊಂದಾಗಿ ಕಿತ್ತು ಮತ್ತೆ ಹಾಕುತ್ತಿದ್ದರು. ಒಳ್ಳೆಯ ಬೆಸುಗೆಗಳು, ಹೊಳೆಯುತ್ತಿದ್ದವು. ಬಂದದ್ದು ಯಾರೆಂದು ತಲೆಯೆತ್ತಿ ನೋಡದೆಯೇ ಹೇಳಿದರು:

"ಇದು ನೋಡು, ಕಣ್ಣಿಗೆ ಸರಿ ಕಾಣುತ್ತೆ. ಕೈಗೂ ಸರಿ ಅನ್ನಿಸುತ್ತೆ. ಸರಿ ಅನ್ನಿಸಿದ್ದೇ ಕೆಟ್ಟಿದ್ರೆ, ಹಿಂದೆ ಮಾಡಿಕೊಟ್ಟಿದ್ದೆಲ್ಲ ಹೇಗಿತ್ತೋ ಅನ್ನೋ ಯೋಚನೆ ಬರುತ್ತೆ ಕಣೋ. ಎಷ್ಟು ಜನ ಪಾಪ ಅಂತ ಗೆರೆ ಹೊಡೆದು ಹೋದ್ರೋ."

ಅಂಗಡಿ ಮುಚ್ಚುವುದು ಒಂದು ವಿಷಯ. ನಲವತ್ತೊಂದು ವರ್ಷದ ಚೀಟಿಗಳನ್ನೆಲ್ಲ ಒಬ್ಬ ಮನುಷ್ಯ ಮನಸ್ಸಿನಲ್ಲೇ ತಿರುವಿಹಾಕುತ್ತಾ ಕೂರುವುದು ಬೇರೆ ವಿಷಯ.

"ಸಾರ್, ಹತ್ತು ನಿಮಿಷ," ಎಂದು ಮನೆಗೆ ಓಡಿ, ಇಟ್ಟಿಗೆ ತಂದು ಮೇಜಿನ ಮೇಲಿಟ್ಟೆ. "ಇದು ಅದರದ್ದು. ಅದು ಫುಟ್‌ಪಾತಿಂದು. ನಾನು ಸುಳ್ಳು ಹೇಳಿದ್ದೆ."

ಸ್ಟೂಲಿನ ಮೇಲಿದ್ದ ಅಮ್ಮ ಡಬ್ಬಿಯ ಮುಚ್ಚಳವನ್ನು ಸ್ವಲ್ಪ ಜೋರಾಗಿಯೇ ಹಾಕಿದರು.

ಬೈಗುಳಕ್ಕೆ ತಲೆ ಬಗ್ಗಿಸಿಕೊಂಡು ನಿಂತೆ. ರೇಡಿಯೋದವರು ಇಟ್ಟಿಗೆಯನ್ನು ಅಂಗೈಯಲ್ಲಿ ತೂಗಿದರು. "ಎಲ್ಲಿತ್ತು?"

"ಬಾಗಿಲಿಗೆ ಅಡ್ಡ ಇಟ್ಟಿದ್ದೆ."

"ಒಳ್ಳೇ ಬಾಗಿಲು," ಎಂದರು. "ತಿರುಗಿ ನಿಂತ್ಕೋ. ಗೋಡೆ ನೋಡು."

ಹಿಂದಿನಿಂದ ಎರಡು ಅಡಾಪ್ಟರಿನಲ್ಲಿ ಯಾವುದೋ ಒಂದರ ಪಿನ್ನು ಸಿಕ್ಕಿಸುವ ಸದ್ದು. "ಈಗ?"

"ಇದೆ."

ತೆಗೆದರು, ಸಿಕ್ಕಿಸಿದರು. "ಈಗ?"

"ಇಲ್ಲ."

"ಈಗ?"

"ಇಲ್ಲ ಸಾರ್. ನೀವು ಬದಲಾಯಿಸ್ಲೇ ಇಲ್ಲ."

ಎಂಟು ಸಲ ಕೇಳಿದರು. ಎಂಟಕ್ಕೆ ಎಂಟೂ ಸರಿ. ಗೋದಾಮಿನಲ್ಲಿ ನಾನು ಸಾಲಾಗಿ ಎಂಟು ಕೆಲಸ ಸರಿಯಾಗಿ ಮಾಡಿದ ದಾಖಲೆಯಿಲ್ಲ. ತಿರುಗಿ ನೋಡಿದಾಗ ಅವರು ಬೆಂಕಿಪೊಟ್ಟಣದ ವೈರನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು. ಪೆನ್ಸಿಲನ್ನು ನನ್ನ ಕಡೆ ಸರಿಸಿದರು.

ನಾನು 'ಕೀಂ' ಮೇಲೆ ಗೆರೆ ಹೊಡೆದೆ. "ನಿಮ್ಮ ಕೈಯಲ್ಲಿ ಏನೂ ತಪ್ಪಿರ್ಲಿಲ್ಲ ಸಾರ್. ಮೊದಲನೇ ದಿನವೇ ಸರಿ ಮಾಡಿದ್ರಿ."

"ಹೂಂ, ಕೈ ಸರಿಯಾಗೇ ಇದೆ," ಎಂದರು. ಹೆಂಡತಿಯ ಕಡೆ ತಿರುಗಿದರು. "ಕೇಳಿಸ್ತಾ ನಿನಗೆ? ಕೈ ಸರಿ ಇದೆ."

"ಕೇಳಿಸ್ತು. ಇನ್ನು ಹತ್ತು ವರ್ಷ ಡಬ್ಬಿ ಹೊರ್ತೀನಿ ಬಿಡಿ," ಎಂದರು ಅಮ್ಮ. ನನ್ನನ್ನು ನೋಡಿದ ನೋಟದಲ್ಲಿ ಪುಣ್ಯದ ಮಾತಿರಲಿಲ್ಲ.

"ಇಲ್ಲ, ತಿಂಗಳ ಕೊನೆಗೆ ಬಾಗಿಲು ಹಾಕ್ತೀನಿ."

ಅಮ್ಮನ ಕೈಯಲ್ಲಿದ್ದ ಡಬ್ಬಿ ಅಲ್ಲೇ ನಿಂತಿತು. ನನ್ನ ಬಾಯಲ್ಲಿ, "ಸಾರ್, ಆದ್ರೆ—" ಎಂಬಷ್ಟೇ ಬಂತು.

"ಇವನಿಗೆ ಎಂಟು ಸಲಾನೂ ಬೇರೆ ಬೇರೆ ಗೊತ್ತಾಯ್ತು," ಎಂದರು ಅವರು, ಹೆಂಡತಿಗೆ, ತುಂಬ ದಣಿದ ದನಿಯಲ್ಲಿ. "ನನಗೆ ಎಂಟು ಸಲಾನೂ ಒಂದೇ. ಮೂರು ವಾರದಿಂದ ಆ ಕೀಂ ಒಂದ್ಸಲನೂ ನನ್ನ ಕಿವಿಗೆ ಬಿದ್ದಿಲ್ಲ. ಕೇಳಿದ ಹಾಗೆ ಹೂಂ ಅಂದೆ. ಅವನೊಂದು ಸುಳ್ಳು ಹೇಳಿದ, ನಾನೊಂದು ಹೇಳಿದೆ, ಇಬ್ರೂ ಸೇರಿ ಪಾಪದ ಯಂತ್ರದ ಹೊಟ್ಟೆ ಕೊಯ್ದಿದ್ದೀವಿ." ಸೋಲ್ಡರ್ ಕಡ್ಡಿಯನ್ನು ಸ್ಪಂಜಿನ ಮೇಲೆ ಒರೆಸಿದರು, ಚುಯ್ ಎಂದಿತು. "ರಿಪೇರಿ ಆಯ್ತಾ ಅಂತ ಗಿರಾಕಿ ನನ್ನ ಕೇಳ್ಬೇಕು. ನಾನು ಗಿರಾಕೀನ ಕೇಳೋ ಹಾಗಾದ್ಮೇಲೆ ಸಾಕು. ಆದ್ರೆ ಕೈ ಕೆಟ್ಟು ಮುಚ್ತಿಲ್ಲ. ಅದು ನೆನಪಿರ್ಲಿ."

ಅಮ್ಮನಿಗೆ ಬೇಕಾದದ್ದು ಸಿಕ್ಕಿತ್ತು; ಆದರೂ ಆ ದಿನ ಡಬ್ಬಿ ತೊಳೆಯಲು ಬಹಳ ಹೊತ್ತು ತೆಗೆದುಕೊಂಡರು.

ತಿಂಗಳ ಕೊನೆಯ ತನಕ ನಾನು ಪಾಳಿ ಮುಗಿಸಿ ಅಲ್ಲಿಗೇ ಹೋದೆ. ಹಲಗೆಯ ಮೇಲಿದ್ದವುಗಳಲ್ಲಿ ಕೆಲವನ್ನು ಅವರು ಸರಿ ಮಾಡಿದರು. ಉಳಿದವನ್ನು ನಾನು ಮಾಲೀಕರ ಮನೆಗಳಿಗೆ ಹೊತ್ತೆ, ಗೆರೆ ಬೀಳದ ಚೀಟಿಗಳ ಸಮೇತ. ಅತ್ತೆ ಬಂದಾಗ ಹಾಡದ ರೇಡಿಯೋ ಕೊನೆಗೂ ಹಾಡಲಿಲ್ಲ; ಅದರಲ್ಲಿ ತಪ್ಪೇನೂ ಸಿಗಲಿಲ್ಲವಂತೆ. ಈ ಹೊರುವ ಕೆಲಸದಲ್ಲಿ ನಾನು ಒಂದನ್ನೂ ಎಸೆಯಲಿಲ್ಲ ಎಂಬುದನ್ನು ನಮ್ಮ ಗೋದಾಮಿನವರು ನಂಬುವುದಿಲ್ಲ.

ಬಾಗಿಲು ಹಾಕಿ ಒಂದು ವಾರಕ್ಕೆ, ನನ್ನ ರಜೆಯ ದಿನ, ಅವರು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು. ಎಡಗೈ ಬೆನ್ನ ಹಿಂದೆ. ಅಕ್ಕ ಬಟ್ಟೆಯ ರಾಶಿ ಸರಿಸಿ ಕುರ್ಚಿ ಕೊಟ್ಟಳು, ಚಹಾ ಕೊಟ್ಟಳು. ಬಾಗಿಲಿಗೆ ಅಡ್ಡವಾಗಿ ಈಗ ನಿಜವಾದ ಕಲ್ಲೇ ಇದ್ದದ್ದನ್ನು ಅವರು ನೋಡಿದರು.

"ನುಡಿಸು, ನೋಡೋಣ."

ನಾನು ಬಲಗೈಯಲ್ಲಿ, ಕಲಿತಿದ್ದ ಒಂದೇ ಒಂದು ರಾಗದ ತುಣುಕನ್ನು ಶುರುಮಾಡಿದೆ. ಅವರು ತಲೆಯಲ್ಲಾಡಿಸಿದರು. "ಅಷ್ಟು ಮೇಲೆ ಬೇಡ. ಆ ಕಡೆ ಕೆಳಗಿನದು ನುಡಿಸು."

ಆ ಕಡೆಗೆ ನನ್ನ ಎಡಗೈಯನ್ನು ಎಂದೂ ಕಳಿಸಿದವನಲ್ಲ. ಐದು ದಪ್ಪ ಸ್ವರಗಳನ್ನು, ನಡುನಡುವೆ ಹುಡುಕಿಕೊಂಡು ಒತ್ತಿದೆ. ಅವರು ಸ್ಪೀಕರಿನ ಮೇಲೆ ತೋರುಬೆರಳಿಟ್ಟು, ಕಣ್ಣು ಮುಚ್ಚಿಕೊಂಡು ಕೂತರು. ಎರಡನೆಯದು ತಪ್ಪಿತ್ತು. ಅವರು ಬೆರಳು ತೆಗೆಯಲಿಲ್ಲ. ಚಹಾ ಆರಿತು.

"ಸಾಕು ಬಿಡೋ," ಎಂದಳು ಅಕ್ಕ ಬಾಗಿಲಲ್ಲಿ ನಿಂತು. "ಆರು ಅಂಗಿ ಇವತ್ತೇ ಕೊಡ್ಬೇಕು. ನನ್ನ ಹಲಗೆ ಖಾಲಿ ಮಾಡು."

ನಾನು ವಾದ್ಯದ ಒಂದು ತುದಿ ಹಿಡಿದೆ. ರೇಡಿಯೋದವರು ಎದ್ದರು. ಮೊದಲು ಗೋಡೆಯ ಬಳಿ ಹೋಗಿ ಸ್ವಿಚ್ ಆರಿಸಿದರು, ಪ್ಲಗ್ ಕಿತ್ತರು, ವಾದ್ಯದ ದೀಪ ಪೂರ್ತಿ ಆರುವ ತನಕ ನೋಡುತ್ತಾ ನಿಂತರು. ಆಮೇಲೆ ಎಡಗೈಯನ್ನು ಮುಂದೆ ತಂದು, ಎರಡೂ ಕೈಯಲ್ಲಿ ಇನ್ನೊಂದು ತುದಿ ಹಿಡಿದುಕೊಂಡರು.

"ನಿಧಾನ," ಎಂದರು. "ಎತ್ತು."